ಸಂತೆಯ ಕೂಪನ್ ತಪ್ಪೋ ಸರಿಯೋ ಬರೆದು ಹೇಳಿ: ರಿಸರ್ವ್ ಬ್ಯಾಂಕಿಗೆ ಒಂದು ಬಹಿರಂಗ ಪತ್ರ

ಮಾನ್ಯ ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನವಳು. ಸೋಮವಾರ ನಮ್ಮೂರ ಸಂತೆ. ಸಂತೆಯಲ್ಲಿ ಕೂತು ಮಾರುವವರು, ಸಂತೆ ಬೀದಿಯಲ್ಲಿ ಅಂಗಡಿ ಇಟ್ಟವರು ಒಟ್ಟು 38 ಜನ ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅದರ ಲೆಕ್ಕದ ಪುಸ್ತಕ ನನ್ನ ಹತ್ತಿರ ಇರುತ್ತದೆ. ಮೂರು ವರ್ಷದಿಂದ ಒಂದು ಪ್ರಶ್ನೆ ಹಿಡಿದುಕೊಂಡು ಓಡಾಡುತ್ತಿದ್ದೇನೆ. ಯಾರೂ ಉತ್ತರ ಕೊಡಲಿಲ್ಲ. ಅದಕ್ಕೇ ನೇರವಾಗಿ ನಿಮಗೆ, ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ನಿಮ್ಮ ಕಚೇರಿಯವರೂ ಓದಲಿ, ಬೇರೆ ಊರುಗಳಲ್ಲಿ ಇದೇ ಯೋಚನೆ ಮಾಡಿ ಹೆದರಿ ಕೈಬಿಟ್ಟವರೂ ಓದಲಿ.

ಪ್ರಶ್ನೆ ಇಷ್ಟೇ. ಒಂದು ಊರಿನ ಜನ ತಮ್ಮ ತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಲು ಒಂದು ಕೂಪನ್ ಮಾಡಿಕೊಂಡರೆ, ಊರಾಚೆ ಅದು ನಡೆಯುವುದೇ ಇಲ್ಲ ಅಂತಾದರೆ, ಅದು ತಪ್ಪಾ? ತಪ್ಪಾದರೆ ಯಾವ ಸೆಕ್ಷನ್ ಪ್ರಕಾರ? ತಪ್ಪಲ್ಲದಿದ್ದರೆ ಎಲ್ಲಿಯವರೆಗೆ ಸರಿ?

ಇದು ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನಮ್ಮೂರಲ್ಲಿ ದುಡ್ಡು ದಿನಾ ಬರುವುದಿಲ್ಲ, ಅದಕ್ಕೆ ಅದರದೇ ದಿನ ಇದೆ. ಡೈರಿ ಬಟವಾಡೆ ಆದ ದಿನ ಅಂಗಡಿ ಬೀದಿ ತುಂಬಿರುತ್ತದೆ. ಕೊಬ್ಬರಿ ಮಾರಿದ ವಾರ ಬಟ್ಟೆ ಅಂಗಡಿಯಲ್ಲಿ ಜನ. ಆಮೇಲೆ ಎರಡೇ ದಿನ. ಸಂಘದ ಕಂತು, ಗ್ಯಾಸು, ಮೊಬೈಲ್ ರೀಚಾರ್ಜು, ಗೊಬ್ಬರ, ಮಕ್ಕಳ ಫೀಸು ಅಂತ ಬಂದ ದುಡ್ಡೆಲ್ಲ ಊರಿಂದ ಹೊರಗೆ ಹೋಗಿರುತ್ತದೆ. ಉಳಿದ ದಿನ ಎಲ್ಲರೂ ಉದ್ರಿ ಪುಸ್ತಕದ ಮೇಲೆ ಬದುಕುತ್ತಾರೆ. ಇದರಲ್ಲಿ ನನಗೆ ನಿಜವಾಗಲೂ ಸಂಕಟ ಆಗುವುದು ಏನೆಂದರೆ, ಆ ದಿನಗಳಲ್ಲಿ ಊರಲ್ಲಿ ಏನೂ ಇಲ್ಲ ಅಂತಲ್ಲ. ದರ್ಜಿಯ ಕೈ ಖಾಲಿ ಇದೆ, ಮೆಷಿನ್ ಸುಮ್ನೆ ನಿಂತಿದೆ. ಸೊಪ್ಪು ಬಾಡುತ್ತಿದೆ. ಗಿರಣಿ ಮಧ್ಯಾಹ್ನವೇ ಬಾಗಿಲು ಹಾಕುತ್ತದೆ. ಕೆಲಸವೂ ಇದೆ, ಸರಕೂ ಇದೆ, ಬೇಕು ಅನ್ನುವವರೂ ಇದ್ದಾರೆ. ಮಧ್ಯೆ ಓಡಾಡಬೇಕಾದ ಕಾಗದ ಮಾತ್ರ ಇಲ್ಲ.

2021ರಲ್ಲಿ ಎರಡನೇ ಲಾಕ್‌ಡೌನ್ ಮುಗಿದು ಸಂತೆ ಮತ್ತೆ ಶುರುವಾದಾಗ ಯಾರ ಕೈಯಲ್ಲೂ ಕಾಸಿರಲಿಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಎಲ್ಲರದ್ದೂ ಒಂದೇ ಪುಸ್ತಕದಲ್ಲಿ ಬರೆಯಲು ನನಗೆ ಹೇಳಿದರು. ಒಂದು ಸೋಮವಾರ ಸಂಜೆ ಆ ಪುಟ ನೋಡುತ್ತಾ ಕೂತಿದ್ದೆ. ಗಿರಣಿಯವರು ದರ್ಜಿಗೆ 340 ರೂಪಾಯಿ ಕೊಡಬೇಕು. ದರ್ಜಿ ಸೊಪ್ಪಿನ ಅಜ್ಜಿಗೆ 260 ಕೊಡಬೇಕು. ಅಜ್ಜಿಯ ಮಗ ಸೈಕಲ್ ರಿಪೇರಿಯವರಿಗೆ 200. ಸೈಕಲ್ ರಿಪೇರಿಯವರು ಗಿರಣಿಗೆ 450. ಒಂದು ಸುತ್ತು! ನಾಲ್ಕೂ ಜನರನ್ನು ಕರೆದು ಕೂರಿಸಿ, ಪ್ರತಿಯೊಬ್ಬರ ಲೆಕ್ಕದಲ್ಲೂ 200 ಹೊಡೆದುಹಾಕಿದೆ. ಯಾರ ಕೈಗೂ ಒಂದು ರೂಪಾಯಿ ಬರಲಿಲ್ಲ, ಯಾರ ಕೈಯಿಂದಲೂ ಹೋಗಲಿಲ್ಲ. 800 ರೂಪಾಯಿ ಸಾಲ ಮಾತ್ರ ಹೋಯಿತು. ಅಜ್ಜಿಗೆ ನಂಬಿಕೆಯೇ ಬರಲಿಲ್ಲ. ಮೂರು ಸಲ ಕೇಳಿದರು, "ಅಂದ್ರೆ ನಮ್ ಹುಡ್ಗ ಸೈಕಲ್ನೋರಿಗೆ ಕೊಡೋದು ಏನೂ ಇಲ್ವೇನವ್ವ?" ಅಂತ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಇದು ಕೂತುಬಿಟ್ಟಿತು. ಪುಸ್ತಕದಲ್ಲಿ ಗೆರೆ ಎಳೆಯುವುದನ್ನೇ ಒಂದು ಕೂಪನ್ ಮಾಡಿದರೆ ನಾನು ಮಧ್ಯದಲ್ಲಿ ಇರುವುದೇ ಬೇಡ, ಅಲ್ವಾ? ದರ್ಜಿ ಕೂಪನ್ ಕೊಟ್ಟು ಸೊಪ್ಪು ತೆಗೆದುಕೊಳ್ಳುತ್ತಾರೆ, ಅಜ್ಜಿ ಅದೇ ಕೂಪನ್ ಕೊಟ್ಟು ಪಂಕ್ಚರ್ ಹಾಕಿಸುತ್ತಾರೆ, ಅದು ಗಿರಣಿಗೆ ಹೋಗಿ ಮತ್ತೆ ದರ್ಜಿಗೆ ಬರುತ್ತದೆ. ಇದೇನು ಹೊಸ ವಿದ್ಯೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಮುಯ್ಯಾಳು ಅಂತ ಇದೆ. ಇವತ್ತು ನಾನು ನಿಮ್ಮ ಹೊಲದಲ್ಲಿ ಕಳೆ ಕಿತ್ತರೆ ನಾಳೆ ನೀವು ನನ್ನ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ಚೀಟಿ ಇಲ್ಲ, ನೆನಪೇ ಲೆಕ್ಕ. ಹಿಂದೆ ಕಮ್ಮಾರರು, ಅಗಸರು ಎಲ್ಲರೂ ವರ್ಷಕ್ಕೊಂದು ಸಲ ಕಣದಲ್ಲಿ ಆಯ, ಅಂದರೆ ಮಾಡಿದ ಕೆಲಸಕ್ಕೆ ಬದಲಾಗಿ ಧಾನ್ಯ, ತೆಗೆದುಕೊಳ್ಳುತ್ತಿದ್ದರು. ಆ ಆಯದ ಪದ್ಧತಿಯಲ್ಲಿ ಜಾತಿಯ ಹೊರೆ ಇತ್ತು, ಅದು ವಾಪಸ್ ಬರಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕೂಪನ್ ನನಗೆ ಇಷ್ಟವಾಗಿದ್ದು ಅದಕ್ಕೇ. ಅದು ಯಾರ ಕೈಯಲ್ಲಿದ್ದರೂ ಒಂದೇ ಬೆಲೆ.

ತಾಲ್ಲೂಕು ಕೇಂದ್ರದ ಪ್ರೆಸ್ಸಿನಲ್ಲಿ ಒಂದು ಪ್ರೂಫ್ ಹೊಡೆಸಿದೆವು. ಹಳದಿ ದಪ್ಪ ಕಾಗದ, ಬಸ್ ಪಾಸಿನಷ್ಟು ಗಾತ್ರ. ನಡುವೆ ತಕ್ಕಡಿಯ ಚಿತ್ರ. ಮೇಲೆ "ಸೋಮವಾರ ಸಂತೆ ಕೂಪನ್", ಪಕ್ಕದಲ್ಲಿ 20. ಕೆಳಗೆ ಒಂದು ಸಾಲು: "ಇದನ್ನು ತಂದವರಿಗೆ ಗುಂಪಿನ ಯಾವ ಸದಸ್ಯರಾದರೂ 20 ರೂಪಾಯಿ ಬೆಲೆಯ ಸಾಮಾನು ಅಥವಾ ಕೆಲಸ ಕೊಡುತ್ತಾರೆ." ಅದರ ಕೆಳಗೆ ಕೊನೆಯ ತಾರೀಕು. ಗಾಂಧೀಜಿ ಚಿತ್ರ ಇಲ್ಲ, ರೂಪಾಯಿ ಗುರುತು ಇಲ್ಲ, ಯಾವ ಮಗುವೂ ಅದನ್ನು ನೋಟು ಅಂದುಕೊಳ್ಳುವುದಿಲ್ಲ.

ಪ್ರೆಸ್ಸಿನವರು ಪ್ರೂಫ್ ಕೊಟ್ಟು, "ಮೇಡಂ, ಯಾರಾದ್ರೂ ದೊಡ್ಡೋರ ಹತ್ರ ಒಂದ್ ಸಲ ತೋರಿಸ್ಕೊಂಡು ಬನ್ನಿ, ಆಮೇಲೆ ಹೊಡೀತೀನಿ" ಅಂದರು. ಒಬ್ಬ ಆಡಿಟರ್ ಹತ್ತಿರ ಹೋದೆ. ಅವರು ಆ ಸಾಲನ್ನು ಓದಿ, ಪೆನ್ಸಿಲ್ ತೆಗೆದುಕೊಂಡು "ತಂದವರಿಗೆ" ಎಂಬ ಒಂದೇ ಪದದ ಕೆಳಗೆ ಗೆರೆ ಎಳೆದರು. "ಇದೊಂದು ಪದಕ್ಕೆ ನೀವು ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಬಹುದು, ಆಗದೆಯೂ ಇರಬಹುದು. ನಾನು ಸಹಿ ಮಾಡಿ ಹೇಳಲಾರೆ" ಅಂದರು. ಬ್ಯಾಂಕಿನವರನ್ನು ಕೇಳಿದೆ, ನಮಗೆ ಸಂಬಂಧವಿಲ್ಲ ಅಂದರು. ಒಂದು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ಅದು ಇನ್ನೊಂದು ಕಚೇರಿಗೆ ಹೋಯಿತು. ಅಲ್ಲಿಂದ ಏನೂ ಬರಲಿಲ್ಲ. ಬೇಡ ಅಂತಲೂ ಬರಲಿಲ್ಲ. ಗುಂಪಿನಲ್ಲಿ ಹೆಚ್ಚಿನವರು ಹೆಂಗಸರು. ಪೊಲೀಸ್ ಅಂದ ತಕ್ಷಣ ಮನೆಯಲ್ಲಿ ಗಲಾಟೆ ಶುರುವಾಯಿತು. ಪ್ರೂಫನ್ನು ನನ್ನ ಡೈರಿ ಪುಸ್ತಕದೊಳಗೆ ಇಟ್ಟೆ. ಅಲ್ಲೇ ಇದೆ.

ಆಮೇಲೆ ನಾನೇ ಓದಲು ಕೂತೆ. ನನಗೆ ಅರ್ಥವಾದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ನೀವು ತಿದ್ದಿ.

1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಬ್ಯಾಂಕ್ ನೋಟು ಹೊರಡಿಸುವ ಹಕ್ಕು ನಿಮ್ಮೊಬ್ಬರದೇ. ಸರಿ, ಅದರಲ್ಲಿ ನಮ್ಮದೇನೂ ತಕರಾರಿಲ್ಲ. 31ನೇ ಸೆಕ್ಷನ್ ಪ್ರಕಾರ, ಕೇಳಿದ ತಕ್ಷಣ ತಂದವರಿಗೆ ಹಣ ಕೊಡುತ್ತೇವೆ ಎಂಬ ಹುಂಡಿಯನ್ನೋ ಪ್ರಾಮಿಸರಿ ನೋಟನ್ನೋ ಬೇರೆ ಯಾರೂ ಬರೆದುಕೊಡುವಂತಿಲ್ಲ. ಆಡಿಟರ್ ಗೆರೆ ಎಳೆದದ್ದು ಇಲ್ಲಿಗೇ. ಆದರೆ ನಮ್ಮ ಕೂಪನ್ ಹಣ ಕೊಡುತ್ತೇವೆ ಅನ್ನುವುದಿಲ್ಲ. ಸೊಪ್ಪು ಕೊಡುತ್ತೇವೆ, ಹಿಟ್ಟು ಬೀಸಿಕೊಡುತ್ತೇವೆ ಅನ್ನುತ್ತದೆ. ಇದು 31ರ ಒಳಗೆ ಬರುತ್ತದಾ ಇಲ್ವಾ? ನನ್ನ ಓದಿಗೆ ಬರುವುದಿಲ್ಲ. ಆದರೆ ನನ್ನ ಓದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವಾಗ ತೋರಿಸಿದರೆ ಕೊಡುತ್ತಾರೆ. ಕೆಲವು ಸಲ ಇಬ್ಬರಿಗೆ ಸೇರಿಸಿ ಒಂದೇ ನೋಟು ಕೊಟ್ಟು ಹಂಚಿಕೊಳ್ಳಿ ಅನ್ನುತ್ತಾರೆ. ಆ ಟಿಕೆಟ್ಟೂ ತಂದವರಿಗೆ ಹಣ ಕೊಡುವ ಕಾಗದವೇ ಅಲ್ವಾ? ಅದನ್ನು ಯಾರೂ ಅಪರಾಧ ಅನ್ನುವುದಿಲ್ಲ, ಅನ್ನಲೂ ಬಾರದು.

ನೋಟಿನ ಹಾಗೆ ಕಾಣುವ ಕಾಗದ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 182ನೇ ಸೆಕ್ಷನ್ ಇದೆ. ಲೋಹದ ಬಿಲ್ಲೆಯನ್ನು ಹಣದ ಹಾಗೆ ಬಳಸಬಾರದು ಅಂತ 2011ರ ನಾಣ್ಯ ಕಾಯ್ದೆ ಹೇಳುತ್ತದೆ. ಇವೆರಡೂ ನಮಗೆ ತೊಡಕಲ್ಲ.

ನಿಜವಾದ ತೊಡಕು ಬೇರೆ. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆ, ಅದರ ಕೆಳಗೆ 2021ರಲ್ಲಿ ನೀವು ಹೊರಡಿಸಿದ ಪ್ರೀಪೇಯ್ಡ್ ನಿಯಮಗಳು, ಅಂದರೆ ಮೊದಲೇ ದುಡ್ಡು ಕಟ್ಟಿ ಆಮೇಲೆ ಬಳಸುವ ಕಾರ್ಡು, ಕೂಪನ್, ವ್ಯಾಲೆಟ್ಟುಗಳ ನಿಯಮಗಳು. ಒಂದು ಹೋಟೆಲಿನವರು ತಮ್ಮ ಹೋಟೆಲಿನಲ್ಲಿ ಮಾತ್ರ ನಡೆಯುವ ಊಟದ ಕೂಪನ್ ಮಾರಿದರೆ ನಿಮ್ಮ ಅನುಮತಿ ಬೇಕಿಲ್ಲ. ಅದೇ ಕೂಪನ್ ಪಕ್ಕದ ಅಂಗಡಿಯಲ್ಲೂ ನಡೆದರೆ ಅದು ಪಾವತಿ ವ್ಯವಸ್ಥೆ ಆಗುತ್ತದೆ, ಅನುಮತಿ ಬೇಕು. ಅನುಮತಿ ಕೇಳುವ ಬ್ಯಾಂಕೇತರ ಸಂಸ್ಥೆಗೆ ಅರ್ಜಿ ಹಾಕುವಾಗಲೇ 5 ಕೋಟಿ ರೂಪಾಯಿ ನಿವ್ವಳ ಮೌಲ್ಯ (ಸಾಲ ಕಳೆದು ಉಳಿಯುವ ಸ್ವಂತ ಆಸ್ತಿ) ಇರಬೇಕು, ಮೂರನೇ ವರ್ಷದ ಹೊತ್ತಿಗೆ ಅದು 15 ಕೋಟಿ ಆಗಬೇಕು. ನಮ್ಮ ಗುಂಪಿನ ಒಟ್ಟು ಬಂಡವಾಳ 76,000 ರೂಪಾಯಿ. ತಲೆಗೆ 2,000. ದೇಶವೆಲ್ಲ ಓಡುವ ಮೊಬೈಲ್ ವ್ಯಾಲೆಟ್ಟಿಗೆ 5 ಕೋಟಿ ಕೇಳುವುದು ನ್ಯಾಯ, ಅಲ್ಲಿ ಲಕ್ಷಾಂತರ ಜನರ ದುಡ್ಡು ಇರುತ್ತದೆ. ಸಂತೆಯ 38 ಜನಕ್ಕೂ ಅದೇ ಬಾಗಿಲು ತೋರಿಸಿದರೆ ನಾವು ಒಳಗೆ ಬರುವುದು ಹೇಗೆ? ಚಿಕ್ಕವರು ಚಿಕ್ಕದಾಗಿ ಮಾಡುವುದಕ್ಕೆ ನಿಯಮದಲ್ಲಿ ಜಾಗವೇ ಇಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಈ ಒಂದು ಮಾತಿಗೆ.

ಹೊರಗಿನ ದೇಶಗಳಲ್ಲಿ ಇದೇ ಗೊಂದಲ ಆಗಿದೆ. ಅವರು ಅದನ್ನು ದಾಟಿದ್ದೂ ಇದೆ.

ಕೆನ್ಯಾದ ಮೊಂಬಾಸಾ ನಗರದಲ್ಲಿ ಬಾಂಗ್ಲಾದೇಶ್ ಅಂತಲೇ ಹೆಸರಿರುವ ಒಂದು ಕೊಳೆಗೇರಿ ಇದೆ. ಅಲ್ಲಿಯ ಚಿಕ್ಕ ಚಿಕ್ಕ ವ್ಯಾಪಾರಸ್ಥರು 2013ರ ಮೇ ತಿಂಗಳಲ್ಲಿ ಬಾಂಗ್ಲಾ-ಪೆಸಾ ಅಂತ ಒಂದು ವೋಚರ್ ಶುರು ಮಾಡಿದರು. ಅವರ ಕಷ್ಟ ಅಕ್ಷರಶಃ ನಮ್ಮದೇ. ಸರಕಿದೆ, ಕೊಳ್ಳುವವರಿದ್ದಾರೆ, ಕೈಯಲ್ಲಿ ಕಾಸಿಲ್ಲ. ಹೊಸಬರು ಸೇರಬೇಕಾದರೆ ಹಳಬರು ಜಾಮೀನು ನಿಲ್ಲಬೇಕಿತ್ತು. ತಿಂಗಳು ಕಳೆಯುವ ಮೊದಲೇ ಪೊಲೀಸರು ಬಂದರು. ಇದನ್ನು ರೂಪಿಸಲು ನೆರವಾಗಿದ್ದ ಅಮೆರಿಕದ ವಿಲ್ ರಡಿಕ್ ಮತ್ತು ಅದೇ ಊರಿನ ಐವರನ್ನು ಹಿಡಿದರು. ಕರಾವಳಿಯನ್ನು ಬೇರೆ ದೇಶ ಮಾಡಬೇಕು ಅನ್ನುವ ಗುಂಪಿಗೂ ಈ ವೋಚರಿಗೂ ನಂಟಿದೆ ಅಂತ ಅನುಮಾನ ಹಬ್ಬಿತು. ಖೋಟಾ ಕಾಗದದ ಕೇಸು ಹಾಕಿದರು. ತರಕಾರಿ ಮಾರಿ ಬದುಕುವವರ ಮೇಲೆ ಖೋಟಾ ಕೇಸು! ನಾನು ಇದನ್ನು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಆ ಐವರ ಜಾಗದಲ್ಲಿ ನನಗೆ ನಮ್ಮ ಸೊಪ್ಪಿನ ಅಜ್ಜಿ ಕಂಡರು.

ಆದರೆ ಆಗಸ್ಟ್ ಹೊತ್ತಿಗೆ ಅಲ್ಲಿಯ ಸರ್ಕಾರಿ ಅಭಿಯೋಜಕರು ಕಡತ ನೋಡಿ ಕೇಸು ಕೈಬಿಟ್ಟರು. ಅದೇ ವರ್ಷ ವೋಚರ್ ಮತ್ತೆ ಶುರುವಾಯಿತು. ಆಮೇಲೆ ನೈರೋಬಿಯ ಬಡ ಬಡಾವಣೆಗಳಿಗೂ ಹೋಯಿತು. ಕಾಗದ ಬಿಟ್ಟು ಸಾದಾ ಮೊಬೈಲಿಗೆ ಬಂದು ಸರಾಫು ಅಂತ ಹೆಸರಾಯಿತು. ಕೊರೊನಾ ಕಾಲದಲ್ಲಿ ಕೆನ್ಯಾದ ರೆಡ್ ಕ್ರಾಸ್ ಕೂಡ ಕೈಜೋಡಿಸಿತು. 2020-21ರಲ್ಲಿ ಸುಮಾರು 40,000 ಜನ ಅದನ್ನು ಬಳಸುತ್ತಿದ್ದರು. ಖೋಟಾ ಅಂತ ಶುರುವಾದದ್ದು ಪರಿಹಾರದ ಕೆಲಸಕ್ಕೆ ಒದಗಿತು. ಮಧ್ಯೆ ಆರು ಜನ ಲಾಕಪ್ ನೋಡಬೇಕಾಯಿತು, ಅಷ್ಟೇ ಅಂತ ಸುಲಭವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನೂ ಹಳೆಯ ಕಥೆ ಆಸ್ಟ್ರಿಯಾದ್ದು. ವೋರ್ಗಲ್ ಅಂತ ಸುಮಾರು 4,000 ಜನರ ಊರು. 1932ರಲ್ಲಿ ಎಲ್ಲೆಲ್ಲೂ ಕೆಲಸ ಇಲ್ಲ, ಪುರಸಭೆಯ ಪೆಟ್ಟಿಗೆ ಖಾಲಿ. ಅಲ್ಲಿಯ ಮೇಯರ್ ಮಿಖಾಯೆಲ್ ಉಂಟರ್‌ಗುಗೆನ್‌ಬರ್ಗರ್ ಬ್ಯಾಂಕಿನಲ್ಲಿ ನಿಜವಾದ ದುಡ್ಡು ಆಧಾರಕ್ಕೆ ಇಟ್ಟು, ಅದರ ಮೇಲೆ ಊರಿನ ಕೂಲಿ ಚೀಟಿ ಹೊರಡಿಸಿದರು. ಅದಕ್ಕೊಂದು ವಿಶೇಷ ಇತ್ತು. ಪ್ರತಿ ತಿಂಗಳು ಬೆಲೆಯ 1 ಪರ್ಸೆಂಟಿನ ಸ್ಟಾಂಪ್ ಕೊಂಡು ಅಂಟಿಸಬೇಕು, ಇಲ್ಲದಿದ್ದರೆ ಚೀಟಿ ನಡೆಯುವುದಿಲ್ಲ. ಹಾಗಾಗಿ ಯಾರೂ ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಲಿಲ್ಲ, ಬಂದ ತಕ್ಷಣ ಕೊಟ್ಟರು. ಕೆಲವೇ ಸಾವಿರ ಶಿಲಿಂಗಿನ ಚೀಟಿ ಮತ್ತೆ ಮತ್ತೆ ಸುತ್ತಿ ರಸ್ತೆ ಆಯಿತು, ಸೇತುವೆ ಆಯಿತು. ಜನ ಬಾಕಿ ಇದ್ದ ಕಂದಾಯವನ್ನೂ ಕಟ್ಟಿದರು. ಸುತ್ತಲಿನ ಊರುಗಳೂ ನಾವೂ ಮಾಡುತ್ತೇವೆ ಅಂತ ಎದ್ದಾಗ ಅಲ್ಲಿಯ ಕೇಂದ್ರ ಬ್ಯಾಂಕ್ ನೋಟಿನ ಹಕ್ಕು ತನ್ನದು ಅಂತ ತಡೆಯಿತು. 1933ರಲ್ಲಿ ಮುಗಿಯಿತು.

ಮರುವರ್ಷ, 1934ರಲ್ಲಿ, ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ ಕೆಲವು ವ್ಯಾಪಾರಸ್ಥರು ಸೇರಿ ವಿರ್ ಅಂತ ಒಂದು ವ್ಯವಸ್ಥೆ ಮಾಡಿಕೊಂಡರು. ಒಬ್ಬರ ಬಾಕಿ ಇನ್ನೊಬ್ಬರ ಜಮೆ, ನನ್ನ ಪುಸ್ತಕದ ಆ ಪುಟದ ಹಾಗೆ. ಅಲ್ಲಿಯ ಸರ್ಕಾರ ಮುಚ್ಚಿಸಲಿಲ್ಲ. 1936ರಲ್ಲಿ ಬ್ಯಾಂಕ್ ಲೈಸೆನ್ಸ್ ಕೊಟ್ಟು ತನ್ನ ಕಣ್ಣಳತೆಯಲ್ಲಿ ಇಟ್ಟುಕೊಂಡಿತು. ಅದು ಇವತ್ತಿಗೂ ನಡೆಯುತ್ತಿದೆ, ಸಾವಿರಾರು ಸಣ್ಣ ಮತ್ತು ಮಧ್ಯಮ ಕಂಪನಿಗಳು ಅದರಲ್ಲಿವೆ. ಎರಡೂ ಒಂದೇ ಕಾಲದವು, ಅಕ್ಕಪಕ್ಕದ ದೇಶದವು. ಒಂದು ಕಡೆ ನಿಲ್ಲಿಸಿದರು, ಇನ್ನೊಂದು ಕಡೆ ನಿಯಮ ಮಾಡಿ ಬಿಟ್ಟರು. ವ್ಯತ್ಯಾಸ ಮೇಲೆ ಕೂತವರಲ್ಲಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಚಿನದು ಬೇಕಾದರೆ ಫ್ರಾನ್ಸ್ ಇದೆ. 2014ರ ಜುಲೈಯಲ್ಲಿ ಅವರು ಮಾಡಿದ ಕಾನೂನಿನಲ್ಲಿ ಊರಿನ ಕರೆನ್ಸಿ ಅಂತ ಹೆಸರು ಹಿಡಿದೇ ಜಾಗ ಕೊಟ್ಟರು. ಬಾಸ್ಕ್ ಪ್ರದೇಶದ ಎಯುಸ್ಕೊ ಅನ್ನುವುದು ಅಲ್ಲಿ ನೂರಾರು ಅಂಗಡಿಗಳಲ್ಲಿ ನಡೆಯುತ್ತದೆ. ಬ್ರೆಜಿಲ್‌ನ ಮರಿಕಾ ನಗರಸಭೆ 2013ರಿಂದ ಬಡವರಿಗೆ ಕೊಡುವ ನೆರವನ್ನೇ ಮುಂಬುಕಾ ಎಂಬ ಊರಿನ ಕರೆನ್ಸಿಯಲ್ಲಿ ಕೊಡುತ್ತದೆ, ಆ ದುಡ್ಡು ಆ ಊರ ಅಂಗಡಿಗಳಲ್ಲೇ ಖರ್ಚಾಗಬೇಕು. ಇಂಗ್ಲೆಂಡಿನ ಕೇಂದ್ರ ಬ್ಯಾಂಕ್ 2013ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದರ ಬಗ್ಗೆ ಬಿಡಿಸಿ ಬರೆಯಿತು. ಇವು ಚಿಕ್ಕವು, ಕೇಂದ್ರ ಬ್ಯಾಂಕಿನ ಹಣಕಾಸಿನ ಗುರಿಗೆ ಇವುಗಳಿಂದ ದೊಡ್ಡ ಅಪಾಯವಿಲ್ಲ, ಆದರೆ ಬಳಸುವವರಿಗೆ ಬ್ಯಾಂಕ್ ನೋಟಿಗಿರುವ ರಕ್ಷಣೆ ಇಲ್ಲ ಅಂತ ತಿಳಿದಿರಬೇಕು, ಅನ್ನುವುದು ಅದರ ಸಾರ. ಒಂದು ಕೇಂದ್ರ ಬ್ಯಾಂಕ್ ತನ್ನ ಜನಕ್ಕೆ ಇಷ್ಟು ಹೇಳಿದರೆ ಸಾಕಾಗುತ್ತದೆ ಗವರ್ನರ್ ಅವರೇ. ನಾವು ಕೇಳುತ್ತಿರುವುದೂ ಇದನ್ನೇ.

ಎಲ್ಲಾ ಕಡೆ ಗೆದ್ದಿದೆ ಅಂತ ನಾನು ಹೇಳುವುದಿಲ್ಲ. ಅದೇ ಇಂಗ್ಲೆಂಡಿನ ಬ್ರಿಸ್ಟಲ್ ಪೌಂಡ್ 2012ರಲ್ಲಿ ಶುರುವಾದ ಮೇಲೆ ಅಲ್ಲಿಯ ಮೇಯರ್ ತಮ್ಮ ಇಡೀ ಸಂಬಳವನ್ನು ಅದರಲ್ಲೇ ತೆಗೆದುಕೊಂಡರು, ಊರಿನ ತೆರಿಗೆಯನ್ನೂ ಅದರಲ್ಲಿ ಕಟ್ಟಬಹುದಿತ್ತು. ಆದರೂ 2021ರ ಹೊತ್ತಿಗೆ ಅದರ ಕಾಗದದ ನೋಟೂ ನಿಂತುಹೋಯಿತು. ಜನ ಕಾರ್ಡ್ ಉಜ್ಜಲು ಶುರು ಮಾಡಿದ ಮೇಲೆ ಬೇರೆ ನೋಟು ಇಟ್ಟುಕೊಳ್ಳುವುದು ಯಾರಿಗೂ ಬೇಡವಾಯಿತು. ನಮ್ಮಲ್ಲೂ ಈಗ ಸೊಪ್ಪಿನ ಅಜ್ಜಿಯ ಬುಟ್ಟಿಯಲ್ಲೂ ಯುಪಿಐ ಕೋಡ್ ಇದೆ, ಹಾಗಿದ್ದ ಮೇಲೆ ಕೂಪನ್ ಯಾಕೆ ಅಂತ ಕೇಳಬಹುದು. ಯುಪಿಐ ಇರುವ ದುಡ್ಡನ್ನು ಸುಲಭವಾಗಿ ಸಾಗಿಸುತ್ತದೆ. ಖಾತೆಯಲ್ಲಿ ದುಡ್ಡೇ ಇಲ್ಲದ ಹತ್ತು ದಿನಕ್ಕೆ ಅದು ಏನೂ ಮಾಡಲಾರದು. ಹಾಗಾಗಿ ಸುಮ್ನೆ ಊರಿನ ಹೆಮ್ಮೆಗೆ ಅಂತ ಮಾಡಿದರೆ ಇದು ಉಳಿಯುವುದಿಲ್ಲ, ಕಾಸಿಲ್ಲದ ದಿನಗಳಿಗೆ ಅಂತ ಮಾಡಿದರೆ ಉಳಿಯುತ್ತದೆ. ಮೊಂಬಾಸಾದಿಂದ ನಾನು ಕಲಿತದ್ದು ಇದು.

ನಿಮ್ಮ ಭಯ ನನಗೆ ಗೊತ್ತಾಗುತ್ತದೆ. ಚೀಟಿ ಹಾಕಿ ಕಳೆದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ದೊಡ್ಡಮ್ಮ ಮಗಳ ಮದುವೆಗೆ ಅಂತ ಕಟ್ಟಿದ ಚೀಟಿಯ ದುಡ್ಡು ಹಿಡಿದುಕೊಂಡು ಒಬ್ಬ ಊರು ಬಿಟ್ಟ. ಆ ವರ್ಷ ದೊಡ್ಡಮ್ಮ ಯಾರ ಮನೆ ಕಾರ್ಯಕ್ಕೂ ಹೋಗಲಿಲ್ಲ. ಬಿಗಿ ಕಾನೂನು ಬೇಕು ಅನ್ನುವವರಲ್ಲಿ ನಾನೇ ಮೊದಲನೆಯವಳು. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ನಿಷೇಧದ ಕಾನೂನು ಅಂಥವರಿಗಾಗಿಯೇ ಬಂತು, ಬರಲೇಬೇಕಿತ್ತು. ಆದರೆ ಚೀಟಿಯನ್ನೇ ನೋಡಿ. ಮೋಸ ಆಗುತ್ತದೆ ಅಂತ ಚೀಟಿಯನ್ನೇ ಅಳಿಸಲಿಲ್ಲ. 1982ರಲ್ಲಿ ಚಿಟ್ ಫಂಡ್ ಕಾಯ್ದೆ ತಂದು, ರಿಜಿಸ್ಟರ್ ಮಾಡಿ, ಲೆಕ್ಕ ಕೊಡಿ, ಆಮೇಲೆ ನಡೆಸಿ ಅಂದರು. ನಮ್ಮ ಕೂಪನ್‌ಗೂ ಹಾಗೆ ಒಂದು ಬಾಗಿಲು ಇರಲಿ ಅಂತ ಕೇಳುತ್ತಿದ್ದೇನೆ. ತೆರಿಗೆ ತಪ್ಪಿಸಲು ಅಂತಲೂ ಅಲ್ಲ. ವಸ್ತುವಿಗೆ ವಸ್ತು ಬದಲಾಯಿಸಿದರೂ ಜಿಎಸ್‌ಟಿ ಕಾನೂನಿನಲ್ಲಿ ಅದು ಪೂರೈಕೆಯೇ. ಕಟ್ಟಬೇಕಾದವರು ರೂಪಾಯಿ ಲೆಕ್ಕದಲ್ಲಿ ಕಟ್ಟುತ್ತಾರೆ, ನನ್ನ ಪುಸ್ತಕ ಯಾರು ಬೇಕಾದರೂ ತೆರೆದು ನೋಡಬಹುದು.

ಒಂದು ಮಾತು ನಿಮಗೆ ನೆನಪಿಸಬೇಕು. ಇದು ನಮ್ಮ ರಾಜ್ಯದ್ದೇ ಕಥೆ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಹದಿನೈದು ಇಪ್ಪತ್ತು ಜನರ ಉಳಿತಾಯದ ಗುಂಪುಗಳನ್ನು ಕಟ್ಟಿತು. ರಿಜಿಸ್ಟ್ರೇಷನ್ ಇಲ್ಲ, ಅಡಮಾನ ಇಲ್ಲ, ಬಹಳ ಜನಕ್ಕೆ ಸಹಿ ಹಾಕಲೂ ಬರುತ್ತಿರಲಿಲ್ಲ. ಇಂಥ ಗುಂಪಿಗೆ ಬ್ಯಾಂಕ್ ಸಾಲ ಕೊಡಬಹುದಾ ಅಂತ ಆಗಲೂ ಯಾರಿಗೂ ಗೊತ್ತಿರಲಿಲ್ಲ. ಆಗ ಹೌದು ಅಂದದ್ದು ಯಾರು? ನೀವೇ, ಅಂದರೆ ನಿಮ್ಮ ಬ್ಯಾಂಕೇ. 1991ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಕಳಿಸಿ ಇದರಲ್ಲಿ ಸೇರಿಕೊಳ್ಳಿ ಅಂತ ಬ್ಯಾಂಕುಗಳಿಗೆ ಹೇಳಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಗುಂಪುಗಳ ಗುರಿ ಇಟ್ಟುಕೊಂಡು ಪ್ರಯೋಗ ಶುರು ಮಾಡಿತು. ಆಮೇಲೆ ರಿಜಿಸ್ಟರ್ ಆಗದ ಗುಂಪೂ ತನ್ನ ಹೆಸರಲ್ಲಿ ಉಳಿತಾಯ ಖಾತೆ ತೆರೆಯಬಹುದು ಅಂತಾಯಿತು. ನಮ್ಮಮ್ಮ ಮೊದಲ ಸಲ ಬ್ಯಾಂಕಿನ ಒಳಗೆ ಕಾಲಿಟ್ಟದ್ದು ಅಂಥ ಒಂದು ಸಂಘದ ಖಾತೆ ತೆರೆಯಲು. ಹೊಸ ಸೀರೆ ಉಟ್ಟುಕೊಂಡು ಹೋಗಿದ್ದರು. ನಾನು ಜೊತೆಗಿದ್ದೆ. ಮ್ಯಾನೇಜರ್ "ಕೂತ್ಕೊಳ್ಳಿ ಅಮ್ಮ" ಅಂದದ್ದನ್ನು ಅಮ್ಮ ಎಷ್ಟೋ ವರ್ಷ ಹೇಳುತ್ತಿದ್ದರು. ಇವತ್ತು ದೇಶದ ತುಂಬ ಅಂಥ ಗುಂಪುಗಳಿವೆ. ಬಡ ಹೆಂಗಸರ ಒಂದು ಅನೌಪಚಾರಿಕ ಲೆಕ್ಕವನ್ನು ಒಂದು ಸುತ್ತೋಲೆ ಹೀಗೆ ಎತ್ತಿ ಹಿಡಿದದ್ದನ್ನು ನೋಡಿ ಬೆಳೆದವಳು ನಾನು. ಅದಕ್ಕೇ ನಿಮ್ಮಿಂದ ಆಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು. 2024ರ ಫೆಬ್ರವರಿಯಲ್ಲಿ ನಿಮ್ಮದೇ ಡಿಜಿಟಲ್ ದುಡ್ಡಾದ ಇ-ರೂಪಾಯಿ ಬಗ್ಗೆ ಹೇಳುವಾಗ, ಆ ದುಡ್ಡು ಎಷ್ಟು ದಿನ ನಡೆಯಬೇಕು, ಯಾವ ಪ್ರದೇಶದೊಳಗೆ ನಡೆಯಬೇಕು ಅಂತಲೂ ಅದರಲ್ಲೇ ಹೊಂದಿಸಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿತು. ಹಾಗಾದರೆ ಒಂದು ಪ್ರದೇಶದೊಳಗೇ ಸುತ್ತುವ, ಗೊತ್ತು ಮಾಡಿದ ಒಂದು ತಾರೀಕಿಗೆ ಮುಗಿಯುವ ದುಡ್ಡು ಅನ್ನುವ ಯೋಚನೆ ನಿಮಗೂ ಹೊಸದಲ್ಲ. ಮೇಲಿನಿಂದ ಬಂದರೆ ಅದು ಹೊಸ ಸೌಲಭ್ಯ, ಸಂತೆಯಿಂದ ಬಂದರೆ ಅನುಮಾನ ಅಂತ ಆಗಬಾರದು.

ನಮಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ಗ್ರಾಮ ಪಂಚಾಯಿತಿಯೋ ಒಂದು ಸಂತೆಯೋ ಅಷ್ಟರೊಳಗೆ, ಒಬ್ಬರ ಹತ್ತಿರ 2,000 ರೂಪಾಯಿಗಿಂತ ಹೆಚ್ಚು ಬೆಲೆಯ ಕೂಪನ್ ಇರದ ಹಾಗೆ, ಹಣಕ್ಕೆ ಬದಲಾಯಿಸಲು ಬರದ ಹಾಗೆ, ಆರು ತಿಂಗಳಿಗೆ ತಾನೇ ಮುಗಿಯುವ ಹಾಗೆ ಮಾಡಿದರೆ ಅದಕ್ಕೆ ಕೋಟಿಯ ಲೆಕ್ಕ ಬೇಡ ಅಂತ ಒಂದು ನಿಯಮ ಮಾಡಿ. ಕೂಪನ್ನಿನ ಅರ್ಧ ಬೆಲೆಯಷ್ಟು ದುಡ್ಡು ಗುಂಪಿನ ಬ್ಯಾಂಕ್ ಖಾತೆಯಲ್ಲಿ ಮುಟ್ಟದೆ ಇಡಿ ಅನ್ನಿ, ಇಡುತ್ತೇವೆ. ವರ್ಷಕ್ಕೆ ಎರಡು ಸಲ ಲೆಕ್ಕ ತೋರಿಸಿ ಅನ್ನಿ, ತೋರಿಸುತ್ತೇವೆ. ಪಂಚಾಯಿತಿಗೆ ಪತ್ರ ಕೊಟ್ಟೇ ಶುರು ಮಾಡಿ ಅನ್ನಿ, ಅದೂ ಸರಿ. ಹೊಸ ಪ್ರಯೋಗಗಳನ್ನು ನಿಮ್ಮ ಕಣ್ಣೆದುರಿಗೇ ಚಿಕ್ಕದಾಗಿ ಮಾಡಿ ನೋಡಲು ಬಿಡುವ ನಿಮ್ಮದೇ ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್ 2019ರಿಂದ ಇದೆಯಲ್ಲ, ಅದು ಬರೀ ಕಂಪನಿಗಳಿಗೆ ಅಂತ ಯಾಕೆ ಇರಬೇಕು? ಎರಡು ವರ್ಷಕ್ಕೆ ಅಂತ ಒಂದೆರಡು ತಾಲ್ಲೂಕಿನಲ್ಲಿ ಬಿಟ್ಟು ನೋಡಿ. ಬೇಡವೇ ಬೇಡ, ಇದು ನಿಷಿದ್ಧ ಅನ್ನುವುದಾದರೂ ಬರೆದು ಹೇಳಿ, ಕಾರಣ ಹೇಳಿ. ಕಾರಣ ಗೊತ್ತಾದರೆ ನಾನು ಪುಸ್ತಕದಲ್ಲೇ ಗೆರೆ ಎಳೆದುಕೊಂಡು ಇರುತ್ತೇನೆ, ಗುಂಪಿನವರಿಗೂ ಹೇಳುತ್ತೇನೆ. ಹೌದೂ ಅಲ್ಲ, ಇಲ್ಲವೂ ಅಲ್ಲ ಅಂತ ಬಿಟ್ಟರೆ ಮಾತ್ರ ನಮ್ಮಂಥವರಿಗೆ ಬಹಳ ಕಷ್ಟ. ಧೈರ್ಯ ಇರುವವರು ಮಾಡಿ ಸಿಕ್ಕಿಬೀಳುತ್ತಾರೆ, ಮರ್ಯಾದೆಗೆ ಅಂಜುವವರು ಮಾಡುವುದೇ ಇಲ್ಲ.

ಕನ್ನಡದಲ್ಲೇ ಉತ್ತರ ಬರಲಿ. ಗುಂಪಿನಲ್ಲಿ ಅದನ್ನು ಓದಿ ಹೇಳಬೇಕಾದವಳು ನಾನೇ, ಕೇಳಬೇಕಾದವರು 37 ಜನ.

ಈ ಪತ್ರದ ಜೊತೆ ಆ ಹಳದಿ ಪ್ರೂಫಿನ ನೆರಳಚ್ಚು ಇಟ್ಟಿದ್ದೇನೆ. "ತಂದವರಿಗೆ" ಪದದ ಕೆಳಗೆ ಆಡಿಟರ್ ಎಳೆದ ಪೆನ್ಸಿಲ್ ಗೆರೆ ಅದರಲ್ಲಿ ಕಾಣುತ್ತದೆ. ದಯವಿಟ್ಟು ನಿಮ್ಮ ಕಚೇರಿಯಲ್ಲಿ ಯಾರಾದರೂ ಒಂದು ಕೆಂಪು ಪೆನ್ ತೆಗೆದುಕೊಂಡು, ಯಾವ ಪದ ಇರಬಾರದು, ಅದರ ಜಾಗದಲ್ಲಿ ಏನು ಬರೆಯಬೇಕು ಅಂತ ಅದರ ಮೇಲೇ ತಿದ್ದಿ ವಾಪಸ್ ಕಳಿಸಿ. ಪ್ರೆಸ್ಸಿನವರು ಅಚ್ಚಿನ ಮೊಳೆ ಇನ್ನೂ ಬಿಚ್ಚಿಲ್ಲ ಅಂದಿದ್ದಾರೆ.

ಇಂತಿ ನಮಸ್ಕಾರಗಳು,
ಸಂತೆ ಗುಂಪಿನ ಲೆಕ್ಕ ಬರೆಯುವವಳು,
ತುಮಕೂರು ಜಿಲ್ಲೆ